580 ವೋಲ್ಟಿನ ಜಂಬ

ಮನೆಗೆ ಬಂದವರು ಮೇಜಿನ ಮೇಲಿನ ಕಪ್ಪು ಪೆಟ್ಟಿಗೆ ತೋರಿಸಿ ಏನಿದು ಅಂತ ಕೇಳಿದರೆ ನನ್ನ ಬಾಯಲ್ಲಿ ಮೊದಲು ಬರುವುದು ಸಂಗೀತದ ಮಾತಲ್ಲ. "ಈ ಹೆಡ್‌ಫೋನಿಗೆ 580 ವೋಲ್ಟ್ ಹೋಗುತ್ತೆ" ಅನ್ನುತ್ತೇನೆ. ಹಾಕಿಕೊಳ್ಳಲು ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ಆ ಕೈ ನಿಲ್ಲುವುದನ್ನು ನೋಡಲು ನನಗಿಷ್ಟ. ಇಷ್ಟು ವರ್ಷ ಇದನ್ನು ತಮಾಷೆ ಎಂದುಕೊಂಡಿದ್ದೆ. ಈಚೆಗೆ ಹಾಗನ್ನಿಸುತ್ತಿಲ್ಲ.

ನಾನು ಹೇಳುವ ಅಂಕಿ ಸುಳ್ಳಲ್ಲ. ಆದರೆ 580 ವೋಲ್ಟ್ ಹೋಗುವುದು ಹೆಡ್‌ಫೋನಿನ ನಡುವಿರುವ ತೆಳು ಪೊರೆಗೆ, ಅದೂ 5.1 ಮೆಗಾಓಮ್‌ನ ಒಂದು ರೆಸಿಸ್ಟರ್ ದಾಟಿಕೊಂಡು. ಆ ದಾರಿಯಲ್ಲಿ ಹೆಚ್ಚೆಂದರೆ ಮಿಲಿಆಂಪಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹರಿದೀತು. ಪ್ರಾಣಕ್ಕೆ ಎರವಾಗುವಂಥದ್ದು ಇರುವುದು ಬೇರೆ ಕಡೆ, ಪೊರೆಯ ಎರಡೂ ಬದಿಯ ಲೋಹದ ಫಲಕಗಳಿಗೆ ಆಂಪ್ಲಿಫೈಯರಿನಿಂದ ಬರುವ ತಂತಿಗಳಲ್ಲಿ. ಅಲ್ಲಿನ ವೋಲ್ಟೇಜು ಹೆಚ್ಚೆಂದರೆ 400ರ ಆಸುಪಾಸು, ಅಂದರೆ 580ಕ್ಕಿಂತ ಕಡಿಮೆಯೇ. ಆದರೆ ದಾರಿಗೆ ಅಡ್ಡ ನಿಂತಿರುವುದು ಬರೀ 5 ಕಿಲೊಓಮ್. 400ನ್ನು 5000ದಿಂದ ಭಾಗಿಸಿದರೆ 80 ಮಿಲಿಆಂಪ್. ಎದೆಯ ಮೂಲಕ ಹಾದರೆ ಹೃದಯದ ಲಯ ತಪ್ಪಿಸಲು ಅಷ್ಟು ಸಾಕು. ಕೇಳುವವನನ್ನು ಕಾಯುತ್ತಿರುವುದು ಕೇಬಲ್ಲಿನ ಮತ್ತು ಇಯರ್‌ಕಪ್ಪಿನ ನಿರೋಧಕ ಕವಚ ಮಾತ್ರ. ಅತಿಥಿಗಳಿಗೆ ಇದನ್ನು ನಾನು ಹೇಳುವುದಿಲ್ಲ. ಏನೂ ಮಾಡದ ದೊಡ್ಡ ಅಂಕಿಯಿಂದ ಅವರನ್ನು ಹೆದರಿಸಿ, ನಿಜವಾಗಿ ಹೆದರಬೇಕಾದ ಅಂಕಿಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಯಾಕೆ ಅಂತ ಕೇಳಿಕೊಂಡಾಗ ಸಿಕ್ಕ ಉತ್ತರಗಳಲ್ಲಿ ಒಂದೂ ಗೌರವ ತರುವಂಥದ್ದಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಮಾನ್ಯ ಹೆಡ್‌ಫೋನಿನಲ್ಲಿ ಅಯಸ್ಕಾಂತ, ಅದರೊಳಗೊಂದು ಸುರುಳಿ, ಸುರುಳಿಗೆ ಅಂಟಿದ ಪೊರೆ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನಲ್ಲಿ ಅಯಸ್ಕಾಂತವೂ ಇಲ್ಲ, ಸುರುಳಿಯೂ ಇಲ್ಲ. ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆಯೊಂದು ಎರಡು ತೂತು ಫಲಕಗಳ ನಡುವೆ ಬಿಗಿದು ನಿಂತಿರುತ್ತದೆ. ಪೊರೆಗೂ ಫಲಕಕ್ಕೂ ಅರ್ಧ ಮಿಲಿಮೀಟರಿನಷ್ಟು ಅಂತರ. ಪೊರೆಯ ಮೇಲೆ ಸ್ಥಿರವಾದ ವಿದ್ಯುದಂಶ ಕೂತಿರುತ್ತದೆ. ಫಲಕಗಳಿಗೆ ಹಾಡಿನ ಸಂಕೇತ ಒಂದಕ್ಕೊಂದು ವಿರುದ್ಧವಾಗಿ ಬರುತ್ತದೆ. ಒಂದು ಫಲಕ ಎಳೆಯುವಾಗ ಇನ್ನೊಂದು ತಳ್ಳುತ್ತದೆ. ಪೊರೆ ಎಷ್ಟು ಹಗುರವೆಂದರೆ ಅದಕ್ಕಿಂತ ಅದು ಅಲ್ಲಾಡಿಸುವ ಗಾಳಿಯೇ ಭಾರ. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲಿ ಎಸ್‌ಆರ್-1 ಎಂಬ ಇಂಥ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮೂರು ವರ್ಷ ಮೊದಲೇ ಇಂಗ್ಲೆಂಡಿನ ಪೀಟರ್ ವಾಕರ್ ಇದೇ ತತ್ವದ ಕ್ವಾಡ್ ಸ್ಪೀಕರನ್ನು ಮಾರಲು ಶುರುಮಾಡಿದ್ದರು. ಸ್ಟ್ಯಾಕ್ಸ್‌ನ ಹಳೆಯ ಮಾದರಿಗಳಿಗೆ ಪೊರೆಯ ವೋಲ್ಟೇಜು 230 ಇತ್ತು, ಆಮೇಲೆ 580 ಆಯಿತು. ನಮ್ಮ ಗೋಡೆಯ ಪ್ಲಗ್ಗಿನಲ್ಲೂ 230 ಅಂತ ನೆನಪಾದಾಗ ನನಗೊಂದು ಹುಚ್ಚು ಸಂತೋಷ ಆಗಿತ್ತು. ಎರಡಕ್ಕೂ ಏನೇನೂ ಸಂಬಂಧವಿಲ್ಲ.

ಇದಕ್ಕೆ ಸಾಧಾರಣ ಆಂಪ್ಲಿಫೈಯರ್ ನಡೆಯುವುದಿಲ್ಲ. ಕೊಳ್ಳಬಹುದು, ಇಲ್ಲವೇ ಕಟ್ಟಿಕೊಳ್ಳಬಹುದು. ಕಟ್ಟಿಕೊಳ್ಳುವವರ ಜಗತ್ತಿನಲ್ಲಿ ಅಮೆರಿಕದ ಕೆವಿನ್ ಗಿಲ್ಮೋರ್ ಹೆಸರು ದೊಡ್ಡದು. ಕೆಜಿಎಸ್‌ಎಸ್, ಅದರ ಹೈವೋಲ್ಟೇಜ್ ರೂಪವಾದ ಕೆಜಿಎಸ್‌ಎಸ್‌ಎಚ್‌ವಿ, ವಾಲ್ವ್ ಇರುವ ಬ್ಲೂ ಹವಾಯಿ ಮುಂತಾದ ತಮ್ಮ ಸರ್ಕ್ಯೂಟುಗಳನ್ನು ಅವರು ಕಟ್ಟುವವರ ಮುಂದೆ ಬಿಚ್ಚಿಟ್ಟರು. ನನ್ನ ಮೇಜಿನ ಮೇಲಿರುವುದು ಆ ಕೆಜಿಎಸ್‌ಎಸ್‌ಎಚ್‌ವಿ. ಪ್ಲಸ್ 400, ಮೈನಸ್ 400, ನಡುವೆ 800 ವೋಲ್ಟ್. ಎರಡು ಚಾನೆಲ್ಲಿಗೆ ಸೇರಿ ನಾಲ್ಕು ಔಟ್‌ಪುಟ್ ಶಾಖೆಗಳು, ಪ್ರತಿಯೊಂದರಲ್ಲೂ ಸುಮಾರು 18 ಮಿಲಿಆಂಪ್. ಯಾವ ಹಾಡೂ ಇಲ್ಲದೆ ಸುಮ್ಮನೆ ಕೂತಿದ್ದರೂ 58 ವಾಟ್‌ನಷ್ಟು ಶಾಖ ಹೀಟ್‌ಸಿಂಕಿನಿಂದ ಹೊರಬೀಳುತ್ತದೆ. ಬೇಸಿಗೆಯಲ್ಲಿ ಆ ಕೋಣೆಗೆ ಬೇರೆ ಯಾರೂ ಬರುವುದಿಲ್ಲ. ಅದೂ ನನಗೆ ಅನುಕೂಲವೇ.

"ಇದು ನಾನೇ ಕಟ್ಟಿದ್ದು" ಅನ್ನುತ್ತೇನೆ. ಸರ್ಕ್ಯೂಟು ಗಿಲ್ಮೋರ್ ಅವರದು. ಬೋರ್ಡು ಅಚ್ಚಾದದ್ದು ಚೀನಾದಲ್ಲಿ. 900 ವೋಲ್ಟ್ ತಡೆಯುವ ಟ್ರಾನ್ಸಿಸ್ಟರುಗಳು ಜಪಾನಿನ ಕಾರ್ಖಾನೆಗಳು ತಯಾರಿಸುವುದನ್ನೇ ನಿಲ್ಲಿಸಿರುವ ಸರಕು. ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಹಿಂದಿನ ಗಲ್ಲಿಯಲ್ಲಿ. ಪೆಟ್ಟಿಗೆಗೆ ತೂತು ಕೊರೆದದ್ದು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ. ನಾನು ಮಾಡಿದ್ದು ಬೆಸುಗೆ. ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟವರು ಅದರ ಮೇಲೆ ಬೆಳಕೇ ಮುಚ್ಚುವಷ್ಟು ದಪ್ಪಕ್ಷರದಲ್ಲಿ ತಮ್ಮ ಹೆಸರು ಬರೆಸುತ್ತಾರಲ್ಲ, ಮುಂಭಾಗದ ಫಲಕದಲ್ಲಿ ನಾನು ಕೆತ್ತಿಸಿದ ಇನಿಷಿಯಲ್ಲುಗಳೂ ಅದೇ ಜಾತಿಯವು.

ಆದರೂ ಒಂದು ಕೆಲಸ ಪೂರ್ತಿಯಾಗಿ ನನ್ನದೇ. ಅದು ಪರೀಕ್ಷೆ. ಸರ್ಕ್ಯೂಟು ಎಷ್ಟೇ ಜನರ ಕೈಯಲ್ಲಿ ಗೆದ್ದಿರಲಿ, ನನ್ನ ಮುಂದಿರುವ ಈ ಬೋರ್ಡು, ಈ ಬೆಸುಗೆ ಸರಿಯೇ ಎಂಬುದನ್ನು ಕೆವಿನ್ ಗಿಲ್ಮೋರ್ ಹೇಳಲಾರರು. ಇಲ್ಲಿ ಮಾತ್ರ ನಾನು ಬಡಾಯಿಗಾರನಲ್ಲ ಎಂದುಕೊಂಡಿದ್ದೇನೆ. ಇಲ್ಲಿ ನಾನು ಯಾರನ್ನೂ ನಂಬುವುದಿಲ್ಲ, ಮೊದಲನೆಯದಾಗಿ ನನ್ನನ್ನೇ.

ಟ್ರಾನ್ಸಿಸ್ಟರುಗಳಿಂದಲೇ ಸಂಶಯ ಶುರು. ತಯಾರಿಕೆ ನಿಂತ ಸರಕಿಗೆ ನಕಲಿಗಳು ಹುಟ್ಟಿಕೊಳ್ಳುತ್ತವೆ. ಯಾವುದೋ ಅಗ್ಗದ ಟ್ರಾನ್ಸಿಸ್ಟರಿನ ಬೆನ್ನು ಉಜ್ಜಿ ಹೊಸ ನಂಬರ್ ಹೊಡೆದು ಮಾರುತ್ತಾರೆ. ಅದಕ್ಕೆ ಮೆಗಾಓಮ್ ರೆಸಿಸ್ಟರ್ ಸೇರಿಸಿ, ವೋಲ್ಟೇಜನ್ನು ನಿಧಾನ ಏರಿಸುತ್ತ ಎಲ್ಲಿ ಸೋರಲು ಶುರುವಾಗುತ್ತದೆ ಎಂದು ನೋಡುವ ಸಣ್ಣ ಸಾಧನ ಮಾಡಿಕೊಂಡಿದ್ದೇನೆ. 900 ಅಂತ ಬರೆಸಿಕೊಂಡದ್ದು 350ಕ್ಕೇ ಕೈಚೆಲ್ಲಿದರೆ ಅದು ಡಬ್ಬಿಗೆ. ರೆಸಿಸ್ಟರುಗಳದೂ ಇಂಥದೇ ಕತೆ. ಕಾಲು ವಾಟಿನ ಮೆಟಲ್ ಫಿಲ್ಮ್ ರೆಸಿಸ್ಟರಿಗೆ ವಾಟಿನ ಮಿತಿ ಇರುವುದು ಎಲ್ಲರಿಗೂ ಗೊತ್ತು. ವೋಲ್ಟಿನ ಮಿತಿಯೂ ಇದೆ, ಸಾಮಾನ್ಯವಾಗಿ 250, ಎಂಬುದು 12 ವೋಲ್ಟಿನ ಸರ್ಕ್ಯೂಟಿನಲ್ಲಿ ಬೆಳೆದವರಿಗೆ ಹೊಳೆಯುವುದಿಲ್ಲ.

ಆಮೇಲೆ ಬರೀ ಟ್ರಾನ್ಸ್‌ಫಾರ್ಮರ್, ಬೇರೇನೂ ಇಲ್ಲ. ಮೇನ್ಸ್‌ಗೂ ಅದಕ್ಕೂ ನಡುವೆ ಸರಣಿಯಲ್ಲಿ ಒಂದು 60 ವಾಟಿನ ಹಳೇ ಕಾಲದ ಬಲ್ಬು. ಎಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಪ್ರಖರವಾಗಿ ಉರಿದು ತಿಳಿಸುತ್ತದೆ, ಬೇರೇನೂ ಸುಡುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಫಿಲಮೆಂಟೇ ಬೇಕು. ಫಿಲಮೆಂಟ್ ಬಲ್ಬು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವುದು ಈಗ ಈ ಹವ್ಯಾಸದ ಒಂದು ಅಧ್ಯಾಯವೇ ಆಗಿದೆ. ಡಿಮ್ಮರ್‌ಸ್ಟ್ಯಾಟಿನಿಂದ 40, 80, 120 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಪ್ರತಿ ಮೆಟ್ಟಿಲಲ್ಲೂ ನಿಂತು, ಮೂಗಿನಿಂದ ವಾಸನೆ, ಕಿವಿಯಿಂದ ಚಿಟಿಚಿಟಿ ಸದ್ದು. ಎಡಗೈ ಜೇಬಿನಲ್ಲಿ. ಎರಡು ಕೈಯೂ ಒಳಗಿದ್ದರೆ ಕರೆಂಟಿಗೆ ಎದೆಯೇ ಹೆದ್ದಾರಿ.

ಪವರ್‌ಸಪ್ಲೈಯ ಕೆಪಾಸಿಟರುಗಳ ಬಗ್ಗೆ ಬೇರೆಯೇ ಬರೆಯಬೇಕು. 470 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರು 450 ವೋಲ್ಟಿಗೆ ತುಂಬಿದರೆ ಅದರಲ್ಲಿ 47 ಜೌಲ್‌ಗೂ ಮಿಕ್ಕಿದ ಶಕ್ತಿ. ಸ್ವಿಚ್ ಆರಿಸಿದ ಮೇಲೂ ಅದು ಅಲ್ಲೇ ಇರುತ್ತದೆ. ಬಸಿದು ಹೋಗಲೆಂದು 220 ಕಿಲೊಓಮಿನ ರೆಸಿಸ್ಟರ್ ಹಾಕಿದರೂ 450ರಿಂದ 50ಕ್ಕೆ ಇಳಿಯಲು ನಾಲ್ಕು ನಿಮಿಷದ ಹತ್ತಿರ ಬೇಕು. ಸೊನ್ನೆಗೆ ಇಳಿಸಿ ಬಿಟ್ಟರೆ ಕೆಲವು ಕೆಪಾಸಿಟರುಗಳು ತಾವಾಗಿಯೇ ಮತ್ತೆ ಒಂದಿಷ್ಟು ವೋಲ್ಟು ಎಬ್ಬಿಸಿಕೊಳ್ಳುತ್ತವೆ, ಡೈಎಲೆಕ್ಟ್ರಿಕ್ ನುಂಗಿಕೊಂಡದ್ದನ್ನು ನಿಧಾನ ಹೊರಬಿಡುತ್ತದೆ. ಆ ನಾಲ್ಕು ನಿಮಿಷ ಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತ ಕೂರುತ್ತೇನೆ. ಫೋನ್ ಮುಟ್ಟುವುದಿಲ್ಲ, ಯಾರ ಜೊತೆಗೂ ಮಾತಿಲ್ಲ. ಅಷ್ಟು ನಿಷ್ಠೆಯಿಂದ ನಾನು ಇನ್ನಾವುದನ್ನಾದರೂ ನೋಡುತ್ತೇನೆಯೇ? ಒಂದು ರಾಗದ ಆಲಾಪವನ್ನು ನಾಲ್ಕು ನಿಮಿಷ ಹಾಗೆ ಕೇಳಿದ್ದೇನೆಯೇ?

ಪರೀಕ್ಷೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಆ 580ನ್ನು ಅಳೆಯುವ ಘಟ್ಟ. ಸಾಧಾರಣ ಡಿಜಿಟಲ್ ಮೀಟರಿಟ್ಟರೆ 580 ಬರುವುದೇ ಇಲ್ಲ, 384 ಬರುತ್ತದೆ. ಹೊಸಬರು ಗಾಬರಿಯಾಗಿ ಸರ್ಕ್ಯೂಟ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಮೀಟರಿನ ಒಳರೋಧ 10 ಮೆಗಾಓಮ್, ದಾರಿಯಲ್ಲಿರುವ ರೆಸಿಸ್ಟರ್ 5.1. ಎರಡೂ ವೋಲ್ಟೇಜನ್ನು ಹಂಚಿಕೊಂಡುಬಿಡುತ್ತವೆ. ಅಳೆಯುವ ಕ್ರಿಯೆಯೇ ಅಳತೆಯನ್ನು ಇಳಿಸುತ್ತದೆ. ರೆಸಿಸ್ಟರಿನ ಆಚೆ ಬದಿಯಲ್ಲಿ ಮೀಟರಿಡಬೇಕು, ಇಲ್ಲವೇ ಲೆಕ್ಕ ಹಾಕಿ ತಿಳಿದುಕೊಳ್ಳಬೇಕು. 384 ಕಂಡಾಗ "ಸರಿಯಾಗಿದೆ" ಅನ್ನುವವನು ನಾನೊಬ್ಬನೇ ಎಂಬ ಸುಖಕ್ಕೆ ಏನು ಹೆಸರಿಡಲಿ.

ಹೆಡ್‌ಫೋನನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಅದರ ಜಾಗದಲ್ಲಿ 120 ಪಿಕೊಫ್ಯಾರಡಿನ ಹೈವೋಲ್ಟೇಜ್ ಕೆಪಾಸಿಟರು. ಆಂಪ್ಲಿಫೈಯರಿನ ಕಣ್ಣಿಗೆ ಹೆಡ್‌ಫೋನ್ ಅಂದರೆ ಅಷ್ಟೇ, ಒಂದು ಪುಟ್ಟ ಕೆಪಾಸಿಟರು. ನೂರು ಪಟ್ಟಿನ ಪ್ರೋಬ್ ಹಿಡಿದು ಆಸಿಲೋಸ್ಕೋಪಿನಲ್ಲಿ ಚೌಕ ತರಂಗ ನೋಡುತ್ತೇನೆ. ಮೂಲೆಗಳು ಚೂಪಾಗಿ ನಿಂತರೆ ಮೈ ಹಗುರ. ಔಟ್‌ಪುಟ್ಟುಗಳ ಆಫ್‌ಸೆಟ್ಟು ಬಿಸಿಯಾಗುತ್ತ ಆಗುತ್ತ ತೇಲಿ ಸೊನ್ನೆಯ ಅಕ್ಕಪಕ್ಕ ನೆಲೆಯಾಗುವ ತನಕ ಟ್ರಿಮ್ಮರ್ ತಿರುಗಿಸುತ್ತೇನೆ. ಇದಕ್ಕೆಲ್ಲ ರಾತ್ರಿಗಳು ಹೋಗಿವೆ.

ಆ ರಾತ್ರಿಗಳಲ್ಲಿ ಹೆಂಡತಿ ಬಾಗಿಲ ಬಳಿ, ಎಂಸಿಬಿಗೆ ಕೈ ಎಟಕುವಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಮೇಲ್ಮುಚ್ಚಳ ತೆರೆದಿದ್ದಾಗ ಒಬ್ಬನೇ ಕೆಲಸ ಮಾಡಬಾರದು ಎಂಬುದು ನಾನೇ ಮಾಡಿದ ನಿಯಮ. ಒಳ್ಳೆಯ ನಿಯಮ. ಆದರೆ ಅದರ ಅರ್ಥ ಬೇರೆಯೂ ಇದೆ. ನನ್ನ ಅಪಾಯಕ್ಕೆ ಇನ್ನೊಬ್ಬರು ಕಾವಲು ಕೂರಬೇಕು. ಅವಳಿಗೆ ನಿದ್ದೆ ಬಂದಿರುತ್ತದೆ, ಬೆಳಿಗ್ಗೆ ಅವಳೂ ಕೆಲಸಕ್ಕೆ ಹೋಗಬೇಕು. ಒಮ್ಮೆ ಆಕಳಿಸುತ್ತ ಕೇಳಿದಳು: "ಅಲ್ಲ, ಯಾರ ಒತ್ತಾಯಕ್ಕೆ ಇದೆಲ್ಲ?" ನಾನು ಸಂಗೀತದ ಹೆಸರು ಹೇಳಿದೆ. ಸಂಗೀತದ ಹೆಸರು ಹೇಳಿದರೆ ನಮ್ಮ ಮನೆಗಳಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಈ ಹೆಡ್‌ಫೋನಿನ ಫಲಕಗಳಿಗೆ 100 ವೋಲ್ಟ್ ಕೊಟ್ಟರೆ ಕಿವಿಗೆ ಬರುವ ಸದ್ದು 100 ಡೆಸಿಬೆಲ್ ಆಸುಪಾಸು. ಕಾರ್ಖಾನೆಯ ಸದ್ದಿನ ಮಟ್ಟ ಅದು. ನಾನು ರಾತ್ರಿ ಕೇಳುವುದು 75, 80ರಲ್ಲಿ. ಅದಕ್ಕೆ ಬೇಕಾದದ್ದು 10 ವೋಲ್ಟ್. ತಾನ್ ಏರಿದಾಗ, ತಬಲಾ ಅಬ್ಬರಿಸಿದಾಗ 100 ವೋಲ್ಟ್ ಅಂತಲೇ ಇಟ್ಟುಕೊಳ್ಳಿ. ನನ್ನ ಆಂಪ್ಲಿಫೈಯರ್ ಕೊಡಬಲ್ಲದ್ದು 500ಕ್ಕೂ ಹೆಚ್ಚು. ಸ್ಟ್ಯಾಕ್ಸ್‌ನವರ ಪುಟ್ಟ ಆಂಪ್ಲಿಫೈಯರ್ ಎಸ್‌ಆರ್‌ಎಂ-252ಎಸ್ ಅಂಗೈಗಿಂತ ತುಸು ದೊಡ್ಡದು, ಅದೇ 280 ವೋಲ್ಟಿನವರೆಗೆ ಹೋಗುತ್ತದೆ. ಅದು ನನ್ನಲ್ಲಿದೆ, ಕಪಾಟಿನಲ್ಲಿದೆ. ಪ್ರತಿವಾದವೂ ನನಗೆ ಬಾಯಿಪಾಠ. ವೋಲ್ಟೇಜೊಂದೇ ಸಾಲದು, ಎತ್ತರದ ಸ್ವರಗಳಲ್ಲಿ ಆ ಪುಟ್ಟ ಕೆಪಾಸಿಟರನ್ನು ತುಂಬಿ ಬರಿದು ಮಾಡಲು ಕರೆಂಟು ಬೇಕು, 20 ಕಿಲೊಹರ್ಟ್ಸ್‌ನಲ್ಲಿ 500 ವೋಲ್ಟಿಗೆ 7.5 ಮಿಲಿಆಂಪ್ ಬೇಕು, ಅದಕ್ಕೇ ಈ ಶಾಖ, ಈ ಹೀಟ್‌ಸಿಂಕು. ಲೆಕ್ಕವೇನೋ ಸರಿ. ಆದರೆ 20 ಕಿಲೊಹರ್ಟ್ಸ್‌ನಲ್ಲಿ 500 ವೋಲ್ಟ್ ಬೇಡುವ ಗಾಯಕ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ನನಗೆ ಕೇಳಿಸುವುದಿಲ್ಲ. ಸಿಗ್ನಲ್ ಜನರೇಟರಿನ ಗುಂಡಿ ತಿರುಗಿಸುತ್ತ ಇದ್ದಾಗ 12 ಕಿಲೊಹರ್ಟ್ಸ್ ದಾಟಿದ ಮೇಲೆ ಸದ್ದೇ ನಿಂತಿತು. ಸರ್ಕ್ಯೂಟು ಕೆಟ್ಟಿತೆಂದು ಸ್ಕೋಪ್ ನೋಡಿದೆ. ತರಂಗ ಲಕ್ಷಣವಾಗಿ ನಿಂತಿತ್ತು. ವಯಸ್ಸಾದದ್ದು ಕಿವಿಗೆ.

ಏನು ಕೇಳುತ್ತೇನೆ ಎಂಬುದನ್ನೂ ಹೇಳಿಬಿಡಬೇಕು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಬೈಠಕ್ಕೊಂದರ ಧ್ವನಿಮುದ್ರಣ ನನ್ನಲ್ಲಿದೆ. ಯಾರೋ ಟೇಪಿನಲ್ಲಿ ಹಿಡಿದದ್ದು, ಎತ್ತರದ ಸ್ವರಗಳು ಟೇಪಿನಲ್ಲೇ ಸವೆದುಹೋಗಿವೆ. ನೂರು ಕಿಲೊಹರ್ಟ್ಸ್ ಓಡಬಲ್ಲ ಆಂಪ್ಲಿಫೈಯರಿಗೆ ಅದರ ಹತ್ತನೇ ಒಂದು ಭಾಗದ ಅನ್ನ. ಪ್ರತಿ ಸಲ ಟ್ರಿಮ್ಮರ್ ಮುಟ್ಟಿದಾಗಲೂ ಆ ಮುದ್ರಣದ ಒಂದೇ ತುಣುಕನ್ನು ಹಾಕಿ ಕೇಳುತ್ತೇನೆ. ತಂಬೂರಿಯ ಜವಾರಿ ಬಿಡಿಸಿ ಕೇಳುತ್ತದೆಯೇ, ಎಡಗಡೆ ಯಾರೋ ಕೆಮ್ಮುವುದು ಎಷ್ಟು ದೂರದಲ್ಲಿ ಕೇಳುತ್ತದೆ, ಮನ್ಸೂರರು ಉಸಿರೆಳೆದುಕೊಳ್ಳುವುದು ತಿಳಿಯುತ್ತದೆಯೇ. ಆ ಕೆಮ್ಮು ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂಬುದು ನನಗೆ ಗೊತ್ತು. ಅವರು ಹಾಡುತ್ತಿರುವ ಚೀಜಿನ ಎರಡನೇ ಸಾಲು ಗೊತ್ತಿಲ್ಲ. ಅಂತರಾಕ್ಕೆ ಬರುವ ಮೊದಲೇ ತುಣುಕು ಮುಗಿಯುತ್ತದೆ, ನಾನು ಮತ್ತೆ ಮೊದಲಿಗೆ ಹೋಗುತ್ತೇನೆ. ಅಪರೂಪದ ರಾಗಗಳಿಗೆ ಹೆಸರಾದ ಗಾಯಕರನ್ನು ನಾನು ಟೆಸ್ಟ್ ಸಿಗ್ನಲ್ ಮಾಡಿಕೊಂಡಿದ್ದೇನೆ. ನನ್ನ ನೋಟ್‌ಬುಕ್ಕಿನ ತುಂಬ ವೋಲ್ಟು, ಮಿಲಿಆಂಪು, ಡಿಗ್ರಿ ಸೆಲ್ಸಿಯಸ್. ರಾಗದ ಹೆಸರು ಎಲ್ಲೂ ಇಲ್ಲ.

ಮಳೆಗಾಲದಲ್ಲಿ ಇದಕ್ಕೊಂದು ವಿರಾಮ ಸಿಗುತ್ತದೆ. ಗಾಳಿಯ ತೇವಕ್ಕೆ, ಪೊರೆಯ ಮೇಲೆ ಕೂತ ಧೂಳಿಗೆ, ಹೆಡ್‌ಫೋನು ಗೊಣಗುತ್ತದೆ, ಕೀರಲಿಡುತ್ತದೆ. ಇಯರ್‌ಪ್ಯಾಡನ್ನು ಕಿವಿಗೆ ಒತ್ತಿದಾಗ ಒಳಗಿನ ಗಾಳಿ ಪೊರೆಯನ್ನು ತಳ್ಳಿ ಒಂದು ವಿಚಿತ್ರ ಸದ್ದು ಬರುವುದೂ ಉಂಟು. ಅದನ್ನು ಜಗತ್ತಿನಾದ್ಯಂತ ಈ ಪಂಗಡದವರು ಯಾವ ಸಂಕೋಚವೂ ಇಲ್ಲದೆ ಸ್ಟ್ಯಾಕ್ಸ್ ಹೂಸು ಎಂದೇ ಕರೆಯುತ್ತಾರೆ. ಲಕ್ಷದ ಲೆಕ್ಕದ ಸಾಮಾನು ಅಷ್ಟು ಮಾಡಬಾರದೇ.

ಇಷ್ಟು ಹೇಳಿದ ಮೇಲೂ ಮುಚ್ಚಿಟ್ಟ ಒಂದು ಸಂಗತಿ ಉಳಿದಿದೆ. ಹೊಸ ಆಂಪ್ಲಿಫೈಯರ್ ಹಳೆಯದಕ್ಕಿಂತ ಚೆನ್ನಾಗಿ ಹಾಡುತ್ತದೆ ಎಂದು ಎಲ್ಲರಿಗೂ ಹೇಳುತ್ತೇನೆ. "ಪರದೆ ಸರಿದ ಹಾಗೆ" ಅನ್ನುತ್ತೇನೆ. ಈ ಮಾತಿಗೆ ಪರೀಕ್ಷೆ ಇದೆ, ಕಷ್ಟದ್ದೇನಲ್ಲ. ಎರಡೂ ಆಂಪ್ಲಿಫೈಯರುಗಳ ಸದ್ದನ್ನು 0.1 ಡೆಸಿಬೆಲ್ ಒಳಗೆ ಸಮ ಮಾಡಬೇಕು. ತುಸು ಜೋರಾಗಿದ್ದದ್ದು ಎಲ್ಲರ ಕಿವಿಗೂ ಚೆಂದವೇ ಕೇಳುತ್ತದೆ, ಅದಕ್ಕೆ. ಯಾವುದು ಹಾಡುತ್ತಿದೆ ಎಂದು ತಿಳಿಯದ ಹಾಗೆ ಅದಲುಬದಲು ಮಾಡಬೇಕು. 16 ಸಲ ಕೇಳಿ 12 ಸಲ ಸರಿ ಹೇಳಬೇಕು; ಬರೀ ನಾಣ್ಯ ಚಿಮ್ಮಿ ಅಷ್ಟು ಅಥವಾ ಅದಕ್ಕೂ ಹೆಚ್ಚು ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅಷ್ಟಾದರೆ ಕಿವಿಗೆ ಏನೋ ಸಿಕ್ಕಿದೆ ಎನ್ನಬಹುದು.

ನಾನು ಮಾಡಿಲ್ಲ. ಕೇಳಿದವರಿಗೆ ಕೊಡಲು ಒಳ್ಳೆಯ ಕಾರಣವೂ ಇದೆ. ಇಷ್ಟು ವೋಲ್ಟೇಜನ್ನು ಅದಲುಬದಲು ಮಾಡಲು ಸಾಧಾರಣ ಸ್ವಿಚ್ ಸಾಲದು, ನಾಲ್ಕು ತಂತಿಗೂ ಹೈವೋಲ್ಟೇಜ್ ರಿಲೇ ಬೇಕು, ಅವು ದುಬಾರಿ, ತರಿಸಲು ತಡ. ಕೇಳಿದವರು ತಲೆದೂಗುತ್ತಾರೆ. ಆದರೆ ರಿಲೇಯೇ ಬೇಡ ಎಂಬುದು ನನಗೆ ಗೊತ್ತು. 10 ಮೆಗಾಓಮ್ ಮತ್ತು 10 ಕಿಲೊಓಮ್ ಸೇರಿಸಿ ಔಟ್‌ಪುಟ್ಟನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿ, ಹೆಡ್‌ಫೋನ್ ಸಿಕ್ಕಿಸಿದ್ದಾಗಲೇ ಎರಡೂ ಆಂಪ್ಲಿಫೈಯರುಗಳದನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡು, ಆ ಮುದ್ರಣಗಳನ್ನೇ ಗುರುತು ಮರೆಮಾಚಿ ಕೇಳಿದರಾಯಿತು. ಬೇಕಾದ ರೆಸಿಸ್ಟರುಗಳು ಡ್ರಾಯರಿನಲ್ಲಿವೆ. ಒಂದು ಸಂಜೆಯ ಕೆಲಸ. 900 ವೋಲ್ಟಿನ ಟ್ರಾನ್ಸಿಸ್ಟರನ್ನು ನಂಬದೆ ಒಂದೊಂದನ್ನೂ ಹಿಂಡಿ ನೋಡಿದವನು, 580 ಎಂದು ಬರೆದಿದ್ದರೂ ಅಳೆಯದೆ ಬಿಡದವನು, ಈ ಸರಪಳಿಯ ಕೊನೆಯ ಭಾಗವನ್ನು ಮಾತ್ರ ಬರೆದ ಬೆಲೆಗೇ ಒಪ್ಪಿಕೊಂಡು ಕೂತಿದ್ದೇನೆ.

ಹೆದರಿಕೆ ಯಾವುದರದ್ದು ಎಂದು ಬಿಡಿಸಿ ನೋಡಲು ಪ್ರಯತ್ನಿಸಿದೆ. ವ್ಯತ್ಯಾಸ ತಿಳಿಯದೇ ಹೋದರೆ ದುಡ್ಡು ಹಾಳು ಎಂಬ ಭಯವಲ್ಲ, ದುಡ್ಡು ಹೇಗೂ ಹೋಗಿದೆ. ಜನ ನಕ್ಕಾರು ಎಂಬುದೂ ಅಲ್ಲ, ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ. 16ರಲ್ಲಿ 8 ಬಂದರೂ ನಾನು ಮುಂದಿನದನ್ನು ಕಟ್ಟುತ್ತೇನೆ, ಅದು ನನಗೆ ಈಗಲೇ ಗೊತ್ತು. ಆಗ ಸಂಗೀತದ ಹೆಸರು ಹೇಳಲಾಗುವುದಿಲ್ಲ. ಕುರ್ಚಿ ಹಾಕಿಕೊಂಡು ಎಂಸಿಬಿ ಬಳಿ ಕೂತವಳಿಗೆ ಬೇರೆ ಉತ್ತರ ಕೊಡಬೇಕಾಗುತ್ತದೆ: ಇದು ನನ್ನ ಖುಷಿಗೆ, 800 ವೋಲ್ಟ್ ನನ್ನ ಮಾತು ಕೇಳಿಕೊಂಡು ಅಲುಗದೆ ನಿಂತಿರುವುದನ್ನು ನೋಡುವ ಖುಷಿಗೆ. ಅಂಥ ಖುಷಿ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಇನ್ನೊಬ್ಬರ ನಿದ್ದೆ ಕೇಳುವ ಹಕ್ಕು ಎಷ್ಟು ಎಂಬ ಲೆಕ್ಕ ಆಗ ತೆರೆದುಕೊಳ್ಳುತ್ತದೆ. ಸಂಗೀತ ಅಡ್ಡ ನಿಂತಿರುವ ತನಕ ಆ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಬ್ಲೂ ಹವಾಯಿಯ ಬೋರ್ಡುಗಳು ಬಂದಾಗಿದೆ. ಅದರ ಇಎಲ್34 ವಾಲ್ವುಗಳ ಹೀಟರಿಗೆ 6.3 ವೋಲ್ಟಿನ ಬೇರೆ ಸುತ್ತುಗಳು ಬೇಕು, ಅವಕ್ಕೆ ಗಟ್ಟಿ ನಿರೋಧಕ ಪದರವೂ ಬೇಕು. ಕಳೆದ ವಾರ ಚೀಟಿ ಹಿಡಿದುಕೊಂಡು ಎಸ್.ಪಿ. ರೋಡಿನ ಹಿಂದಿನ ಆ ಗಲ್ಲಿಗೆ ಹೋದೆ. ಟ್ರಾನ್ಸ್‌ಫಾರ್ಮರ್ ಸುತ್ತುವಾತ ಚೀಟಿಯ ಮೇಲಿನ ವೋಲ್ಟೇಜುಗಳನ್ನು ಎರಡು ಸಲ ಓದಿ, "ಇದ್ಯಾತಕ್ಕೆ ಸಾರ್?" ಅಂದ. ಹಿಂದಿನ ಸಲ ಹಾಡು ಕೇಳಲಿಕ್ಕೆ ಅಂದಿದ್ದೆ. ಈ ಸಲ "ಸುಮ್ಮನೆ" ಅಂದೆ. ಅವನು ನನ್ನ ಮುಖ ನೋಡಿ, ಪೂರ್ತಿ ದುಡ್ಡು ಮುಂಗಡ ಕೊಡಿ ಅಂದ.